ಮಗುಚಕ್ಕನ ಗಂಟು

ಹುಟ್ಟಿದಾಗ ಇಟ್ಟ ಹೆಸರು ಈಗ ಅವಳ ಹಾಜರಿ ಕಾರ್ಡಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿಲ್ಲ. ನರ್ಸರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಮಗುಚಕ್ಕ. ಎಲೆ ಕಂಡರೆ ಮಗುಚಿ ಹಿಂಭಾಗ ನೋಡುವುದು ಅವಳ ಕೆಲಸ. ಕೆಲಸ ಮುಗಿಸಿ ಬಂದ ಮೇಲೂ ಕೈ ಸುಮ್ಮನಿರಬೇಕಲ್ಲ? ಹೋಟೆಲಿನಲ್ಲಿ ತಟ್ಟೆ ಮಗುಚಿ ನೋಡುತ್ತಾಳೆ, ಬಸ್ಸಿನಲ್ಲಿ ಸೀಟು ತಡವಿ ನೋಡುತ್ತಾಳೆ, ಅಂಗಡಿಯಲ್ಲಿ ಸೊಪ್ಪಿನ ಕಟ್ಟನ್ನು ತಿರುಗಿಸಿ ತಿರುಗಿಸಿ ಸೊಪ್ಪಿನವಳಿಂದ ಬೈಸಿಕೊಳ್ಳುತ್ತಾಳೆ. "ನನ್ನನ್ನೂ ಹಿಂದೆ ಮುಂದೆ ಮಗುಚಿ ನೋಡೇ ಒಪ್ಕೊಂಡಿದ್ದು. ಆದ್ರೂ ಮೋಸ ಹೋದ್ಲು, ಪಾಪ" ಎಂದು ಅವಳ ಗಂಡ ಬಂದವರೆದುರು ನಗುತ್ತಾನೆ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಮನೆಗೆ ಬಂದರೆ ಜಪ್ಪಯ್ಯ ಅಂದರೂ ಕುರ್ಚಿಯಿಂದ ಏಳುವುದಿಲ್ಲ.

ಅವಳು ಕೆಲಸ ಮಾಡುವ ನರ್ಸರಿ ಊರಂಚಿನ ಗೋದಾಮುಗಳ ಸಾಲಿನಲ್ಲಿದೆ. ಕಡಲಾಚೆಯ ದೇಶಗಳಿಂದ ಗಿಡ ತರಿಸಿ, ಸ್ವಲ್ಪ ಕಾಲ ಸಾಕಿ, ಅಂಗಡಿಗಳಿಗೆ ಕಳಿಸುವುದು ಅಲ್ಲಿನ ವ್ಯವಹಾರ. ಗಿಡಗಳು ರಟ್ಟಿನ ಪೆಟ್ಟಿಗೆಯಲ್ಲಿ, ಬುಡಕ್ಕೆ ಒದ್ದೆ ಪಾಚಿ ಸುತ್ತಿಸಿಕೊಂಡು, ಹಗಲು ರಾತ್ರಿ ಕತ್ತಲಲ್ಲೇ ಪ್ರಯಾಣ ಮಾಡಿ ಬರುತ್ತವೆ. ಅವುಗಳ ಜೊತೆ ಹುಳಗಳೂ ಬರುತ್ತವೆ. ಹುಳಕ್ಕೇನು, ಪಾಸ್‌ಪೋರ್ಟ್ ಬೇಕೇ, ಟಿಕೆಟ್ ಬೇಕೇ? ಎಲೆಯ ನರದ ಸಂದಿಯಲ್ಲೋ ಬೇರಿನ ಮಣ್ಣಿನಲ್ಲೋ ಮೈ ಮುದುಡಿಕೊಂಡು ಕೂತರೆ ಆಯಿತು. ತನ್ನೂರಿನಲ್ಲಿ ಅದನ್ನು ತಿನ್ನುವ ಇನ್ನೊಂದು ಹುಳ ಇತ್ತು. ಹೊಸ ಊರಿನಲ್ಲಿ ಹೇಳುವವರು ಕೇಳುವವರು ಇಲ್ಲ. ಹಾಗಾಗಿ ಇಳಿದ ಗಿಡಗಳನ್ನು ಕೆಲವು ವಾರ ಒಂದು ಪ್ರತ್ಯೇಕ ಕೋಣೆಯಲ್ಲಿ ಇಟ್ಟು ನೋಡಬೇಕು ಎಂಬುದು ಕಾನೂನು. ಇಲಾಖೆಯ ಕಾಗದದಲ್ಲಿ ಆ ಕೋಣೆಗೆ ಉದ್ದನೆಯ ಹೆಸರಿದೆ. ನರ್ಸರಿಯವರು ಅದನ್ನು ಬೀಗರ ಕೋಣೆ ಎಂದು ಕರೆಯುತ್ತಾರೆ. ಹೊಸ ಬೀಗರ ಹಾಗೆಯೇ, ಮರ್ಯಾದೆಗೆ ಕಡಿಮೆ ಇಲ್ಲ, ಆದರೆ ಒಂದು ಕಣ್ಣು ಸದಾ ಅವರ ಮೇಲೆ.

ಬೀಗರ ಕೋಣೆ ಮಗುಚಕ್ಕನ ರಾಜ್ಯ. ಎರಡು ಬಾಗಿಲು, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ನಡುವೆ ಔಷಧಿ ನೀರಿನ ತಟ್ಟೆ, ಅದರಲ್ಲಿ ಬೂಟು ಅದ್ದಬೇಕು. ಒಳಗೆ ಹಾಕಿದ ಕೋಟು ಒಳಗೇ ಬಿಚ್ಚಬೇಕು. ಆ ಕೋಣೆಗೆ ಹೋದವರು ಅವತ್ತು ಗಿಡಗಳನ್ನು ಬೆಳೆಸುವ ದೊಡ್ಡ ಗಾಜಿನ ಮನೆಗೆ ಕಾಲಿಡುವಂತಿಲ್ಲ. ಸ್ವತಃ ಯಜಮಾನಿಯೇ ಬಂದರೂ ಮಗುಚಕ್ಕ ಬಾಗಿಲಲ್ಲಿ ಅಡ್ಡ ನಿಂತು "ಬೂಟು, ಅಮ್ಮಾ" ಎನ್ನುತ್ತಿದ್ದಳು. ಯಜಮಾನಿ ನಕ್ಕು ಬೂಟು ಅದ್ದುತ್ತಿದ್ದರು.

ಪರೀಕ್ಷೆ ಮುಗಿದ ಗಿಡಕ್ಕೆ ಗುರುತು ಬೇಕು. ಕಾಗದದ ಚೀಟಿ ಅಂಟಿಸಿದರೆ ನೀರು ಬಿದ್ದು ಕಿತ್ತು ಬರುತ್ತದೆ. ಶಾಯಿ ಅಳಿಸಿಹೋಗುತ್ತದೆ. ಮಗುಚಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದಳು. ಅವಳ ಅತ್ತೆ ಮೊದಲು ಟೈಲರ್ ಅಂಗಡಿ ಇಟ್ಟಿದ್ದವರು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದಾಗ ಹಾಸಿಗೆ ಹೊಲಿಯುವ ದಪ್ಪ ಬಿಳಿ ಹತ್ತಿ ದಾರದ ಉಂಡೆಗಳು ಒಂದು ಚೀಲ ಉಳಿದಿದ್ದವು. ಆ ದಾರವನ್ನು ಗಿಡದ ಬುಡಕ್ಕೆ ಕಟ್ಟಿದರೆ? ನೀರು ಬಿದ್ದರೆ ಗಂಟು ಸಡಿಲವಾಗುತ್ತದೆಯಲ್ಲ ಎಂದಾಗ ಅತ್ತೆಯೇ ಅವಳನ್ನು ಎದುರಿಗೆ ಕೂರಿಸಿಕೊಂಡು ಗುಂಡಿ ಹೊಲಿಯುವಾಗ ಹಾಕುವ ಗಂಟನ್ನು ಕಲಿಸಿದರು. ದಾರವನ್ನು ಮತ್ತೆ ಮತ್ತೆ ಸುತ್ತಿ, ತುದಿಯನ್ನು ಸುತ್ತಿನ ಅಡಿಯಿಂದ ತೂರಿಸಿ ಎಳೆಯಬೇಕು. "ಇದು ಬಟ್ಟೆ ಹರಿದ್ರೂ ಬಿಚ್ಚಲ್ಲ, ನೋಡು" ಎಂದಿದ್ದರು. ನಿಜವೇ. ಅಂದಿನಿಂದ ಬೀಗರ ಕೋಣೆ ದಾಟಿದ ಪ್ರತಿಯೊಂದು ಗಿಡದ ಬುಡದಲ್ಲೂ ಆ ಬಿಳಿ ಗಂಟು. ಗಂಟು ಇದ್ದರೆ ಗಿಡ ಶುದ್ಧ, ಮತ್ತೆ ಯಾರೂ ನೋಡಬೇಕಾಗಿಲ್ಲ ಎಂಬುದು ನರ್ಸರಿಯಲ್ಲಿ ರೂಢಿಯಾಯಿತು. ಹೊಗಳಿಕೆ ಯಾರಿಗೆ ಕಹಿ? ಮಗುಚಕ್ಕನೂ ಅದನ್ನು ಬೇಡ ಅನ್ನಲಿಲ್ಲ.

ಇಷ್ಟು ಗಿಡ ನೋಡುವವಳ ಮನೆಯಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಗಾಜಿನ ಮನೆಯಲ್ಲಿ, ಬೀಗರ ಕೋಣೆಯಲ್ಲಿ ಕೆಲಸ ಮಾಡುವವರು ತಮ್ಮ ಮನೆಯಲ್ಲಿ ಗಿಡ ಇಡಬಾರದು. ಮನೆಯ ಹುಳ ಬಟ್ಟೆ ಹತ್ತಿ ಕೆಲಸಕ್ಕೆ ಬರುತ್ತದೆ. ಇದೂ ಒಂದು ಕಟ್ಟಳೆ. ಅತ್ತೆಗೆ ಇದೊಂದು ದೊಡ್ಡ ಕೊರಗು. ಅವರ ಕೋಣೆಯ ಕಿಟಕಿಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ, ಕಟ್ಟೆಯೂ ಅಗಲವಾಗಿದೆ.

"ಊರಿನ ಕಿಟಕಿಗೆಲ್ಲ ಹಸಿರು ಹಂಚ್ತಾಳೆ ನನ್ನ ಸೊಸೆ. ನಮ್ಮ ಕಿಟಕಿ ಮಾತ್ರ ಬೋಳು ತಲೆ" ಎಂದು ಅವರು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು.

"ಪ್ಲಾಸ್ಟಿಕ್ ಗಿಡ ತಂದ್ಕೊಡ್ತೀನಿ ಅತ್ತೆ" ಎಂದರೆ ಮುಖ ಊದಿಸಿಕೊಳ್ಳುತ್ತಿದ್ದರು. ಹೆಂಡತಿ ಮತ್ತು ತಾಯಿಯ ನಡುವಿನ ಈ ಮಾತು ಶುರುವಾದಾಗೆಲ್ಲ ಲಿಫ್ಟಿನವನಿಗೆ ಎಲ್ಲೋ ಒಂದು ಲಿಫ್ಟ್ ಕೆಟ್ಟುನಿಂತ ನೆನಪಾಗುತ್ತಿತ್ತು.

ದೊಡ್ಡ ಗಾಜಿನ ಮನೆಯ ಕಥೆ ಬೇರೆ. ಅದರ ಒಳತುದಿಯಲ್ಲಿ ಹಳೆಯ ಬಿಗೋನಿಯಾ ಗಿಡಗಳ ಸಾಲುಗಳಿವೆ. ಅವು ತಾಯಿಗಿಡಗಳು. ಎಲ್ಲಿಂದಲೋ ತರಿಸಿದವಲ್ಲ, ನರ್ಸರಿಯಲ್ಲೇ ಹುಟ್ಟಿದ ತಳಿ. ಪ್ರತಿ ವರ್ಷ ಅವುಗಳಿಂದ ತುಂಡು ತೆಗೆದು ಹೊಸ ಸಸಿ ಮಾಡುತ್ತಾರೆ. ಅವುಗಳಿಗೆ ನೀರು ಹಾಕುವವನು ಪೈಪಣ್ಣ. ಹೆಗಲ ಮೇಲೆ ನೀರಿನ ಪೈಪು ಇಲ್ಲದ ಪೈಪಣ್ಣನನ್ನು ಯಾರೂ ಕಂಡಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ಮಾತಾಡುವುದು ಹೆಚ್ಚು ಕಡಿಮೆ ಬಿಗೋನಿಯಾಗಳ ಜೊತೆಗೇ. "ಏನಮ್ಮಾ, ಇವತ್ತು ಬಾಡಿದ ಹಾಗಿದೀಯಾ" ಎಂದು ಅವನು ಕೇಳುವುದನ್ನು ಆಚೆ ಸಾಲಿನವರು ಕೇಳಿಸಿಕೊಂಡು ನಗುತ್ತಾರೆ.

ಒಂದು ದಿನ ಪೆಟ್ಟಿಗೆ ಇಳಿಸಲು ಕೈ ಸಾಲದೆ ಪೈಪಣ್ಣನನ್ನು ಬೀಗರ ಕೋಣೆಗೆ ಕರೆದಿದ್ದರು. ಕೆಲಸ ಮುಗಿಸಿ ಹೊರಗೆ ಬಂದವನು ಕೊಡೆಯನ್ನು ಅಲ್ಲೇ ಮರೆತ. ಮರುದಿನ ದೊಡ್ಡ ಮನೆಯಲ್ಲಿ ನೀರು ಹಾಕುತ್ತಿದ್ದಾಗ ನೆನಪಾಗಿ, ಸರಕ್ಕನೆ ಹೋಗಿ ಕೊಡೆ ಎತ್ತಿಕೊಂಡು, ಅದೇ ಕೋಟಿನಲ್ಲಿ ವಾಪಸು ಬಂದು ಪೈಪು ಹಿಡಿದ. ಮಗುಚಕ್ಕ ನೋಡಿದಳು. ನೋಡಿ ಸುಮ್ಮನಿರುವ ಜಾಯಮಾನ ಅವಳದಲ್ಲ. ಯಜಮಾನಿಗೆ ಹೇಳಿದಳು. ಪೈಪಣ್ಣನಿಗೆ ಎಲ್ಲರೆದುರು ಬೈಗುಳವಾಯಿತು. ಅವನು ಅವಳ ಜೊತೆ ಮಾತು ಬಿಟ್ಟ. ಅವಳು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ತಪ್ಪು ಮಾಡಿದವನು ಅವನು, ಮುನಿಸು ಬೇರೆ ಅವನದೇ ಎಂದು ಬಿಟ್ಟಳು.

ಅದಾಗಿ ಕೆಲವು ತಿಂಗಳಿಗೆ ಇಲಾಖೆಯ ಪರೀಕ್ಷಕಿ ಬಂದರು. ಸಣ್ಣ ದನಿಯ, ಆತುರವಿಲ್ಲದ ಹೆಂಗಸು. ಕುತ್ತಿಗೆಗೆ ಭೂತಗನ್ನಡಿ ನೇತುಹಾಕಿಕೊಂಡು ಸಾಲು ಸಾಲಾಗಿ ನಡೆದು, ಗಾಜಿನ ಮನೆಯ ಬಾಗಿಲ ಹತ್ತಿರದ ಬಿಗೋನಿಯಾ ಸಸಿ ಒಂದರ ಮುಂದೆ ನಿಂತರು. ತೊಟ್ಟಿನ ಸಂದಿಯಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಚುಕ್ಕೆ. ಹಿಟ್ಟುತಿಗಣೆ. ರಸ ಹೀರಿ ಗಿಡವನ್ನು ಸೊರಗಿಸುವ ಹುಳ, ನರ್ಸರಿಯವರಿಗೆ ಹೊಸದಲ್ಲ. ಆದರೆ ಇದರ ಮೈ ಹಿಟ್ಟಿನ ಕೆಳಗೆ ತಿಳಿ ಕೆಂಪಾಗಿತ್ತು, ಹಿಂದೆ ಉದ್ದನೆಯ ಎರಡು ಬಾಲ. ಅವರು ಅದನ್ನು ಸೀಸೆಗೆ ಹಾಕಿಕೊಂಡು ಹೋದರು. ವಾರದಲ್ಲಿ ಉತ್ತರ ಬಂತು: ಈ ದೇಶದಲ್ಲಿ ಇದುವರೆಗೆ ಕಾಣದ ಜಾತಿ.

ಪರೀಕ್ಷಕಿ ಮತ್ತೆ ಬಂದು ಎಲ್ಲರನ್ನೂ ಪ್ಯಾಕಿಂಗ್ ಮೇಜಿನ ಸುತ್ತ ನಿಲ್ಲಿಸಿಕೊಂಡು ಹೇಳಿದರು. "ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಅಷ್ಟನ್ನ ತೆಗೆದು ಉಳಿದದ್ದನ್ನ ಕಾಯಬಹುದು. ಗೊತ್ತಾಗದೇ ಹೋದ್ರೆ ಎಲ್ಲೆಲ್ಲಿ ಇದೆ ಅಂತಾನೂ ಗೊತ್ತಾಗಲ್ಲ. ಆಗ ಇಡೀ ಗಾಜಿನ ಮನೆ ಖಾಲಿ ಮಾಡಿ ಸುಡಬೇಕಾಗತ್ತೆ. ತಾಯಿಗಿಡಗಳೂ ಸೇರಿ. ಮುಂದಿನ ವಾರ ಬರ್ತೀನಿ, ಅಷ್ಟರಲ್ಲಿ ಹುಡುಕಿ."

ಯಾರಿಗೂ ಹುಡುಕುವ ಶ್ರಮ ಬೇಕಾಗಲಿಲ್ಲ. ಎಲ್ಲರ ಕಣ್ಣೂ ಪೈಪಣ್ಣನ ಕಡೆ ತಿರುಗಿತು. ಕೊಡೆಯ ಕಥೆ ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಮಾಡಿದವನು ಮತ್ತೆ ಮಾಡಿರುವುದಿಲ್ಲವೇ? ಇಲ್ಲ, ಆಮೇಲೆ ಆ ಬಾಗಿಲ ಕಡೆಯೇ ಸುಳಿದಿಲ್ಲ ಎಂದು ಅವನು ಹೇಳಿದ. ಯಜಮಾನಿ ಮಗುಚಕ್ಕನ ಮುಖ ನೋಡಿದರು.

"ನನ್ನ ಕೋಣೆಯಿಂದ ಹುಳ ಇರೋ ಗಿಡ ಹೊರಗೆ ಹೋಗಿಲ್ಲಮ್ಮ" ಎಂದಳು ಮಗುಚಕ್ಕ. ಅವಳು ಹೇಳಿದ್ದು ತನ್ನ ವಿಷಯ ಮಾತ್ರ. ಆದರೆ ಅದು ಪೈಪಣ್ಣನ ಮೇಲೆ ಬಂದು ಕೂತಿತು.

ಅವನನ್ನು ಮನೆಗೆ ಕಳಿಸಿದರು. ಹೋಗುವಾಗ ಪೈಪನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿ, "ನನ್ನನ್ನ ಬೇಕಾದ್ರೆ ತೆಗೀರಿ. ಅವುಗಳನ್ನ ಸುಡಬೇಡಿ" ಎಂದಷ್ಟೇ ಹೇಳಿದ. ಆ ಮಾತು ಮಗುಚಕ್ಕನಿಗೆ ಮನೆಯವರೆಗೂ ಕೇಳಿಸುತ್ತಿತ್ತು.

ಮರುದಿನ ಅವಳ ವಾರದ ರಜೆ. ಮಾಡಿಸಿಟ್ಟಿದ್ದ ಹೊಸ ಕನ್ನಡಕ ತರಲು ಅತ್ತೆಯನ್ನು ಲಿಫ್ಟಿನವನು ಕರೆದುಕೊಂಡು ಹೋಗಿದ್ದ. ಬಟ್ಟೆ ಒಗೆದು ಒಣಗಿಸುವುದು ಆ ಮನೆಯಲ್ಲಿ ಅತ್ತೆಯ ಖಾತೆ. ಬೇರೆಯವರು ಕೈ ಹಾಕಿದರೆ ಮಡಿಕೆ ಸರಿಯಿಲ್ಲ, ಕ್ಲಿಪ್ಪು ಸರಿಯಿಲ್ಲ ಎಂದು ರಾಗ ತೆಗೆಯುತ್ತಾರೆ. ಅವತ್ತು ಒದ್ದೆ ಬಟ್ಟೆಯ ಬುಟ್ಟಿ ಹಾಗೇ ಉಳಿದಿತ್ತು. ಮಗುಚಕ್ಕ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ತಾರಸಿಯ ಬಾಗಿಲಿಗೆ ಮುಂಚೆ ಮೆಟ್ಟಿಲ ತುದಿಯಲ್ಲಿ ಸಣ್ಣ ಜಾಗ, ಮೇಲೆ ಗಾಜಿನ ಕಿಂಡಿ, ಅಡ್ಡಡ್ಡ ಕಟ್ಟಿದ ಹಗ್ಗ. ಹಗ್ಗದ ಮೇಲೆ ಅವಳದೇ ಕೆಲಸದ ಪ್ಯಾಂಟು ಒಣಗುತ್ತಿತ್ತು. ಅದರ ಹಿಂದೆ, ಒಂದು ಮುರುಕು ಸ್ಟೂಲಿನ ಮೇಲೆ, ಕ್ರೋಟನ್ ಗಿಡ.

ಹಳದಿ ಕೆಂಪು ಪಟ್ಟೆಯ ದೊಡ್ಡ ಎಲೆಗಳು. ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಮಿರಮಿರ ಹೊಳೆಯುವಂತೆ ಮಾಡಲಾಗಿತ್ತು. ಮಗುಚಕ್ಕ ಒಂದು ಎಲೆ ಮಗುಚಿದಳು. ತೊಟ್ಟಿನ ಸಂದಿಯಲ್ಲಿ ಹಿಟ್ಟು. ಹಿಟ್ಟಿನ ಕೆಳಗೆ ತಿಳಿ ಕೆಂಪು ಮೈ, ಉದ್ದನೆಯ ಎರಡು ಬಾಲ.

ಅತ್ತೆ ಮನೆಗೆ ಬರುವುದರೊಳಗೆ ಅವಳು ಗಿಡವನ್ನು ಕೆಳಗೆ ತಂದು ಮೇಜಿನ ಮೇಲಿಟ್ಟು, ಲೆಕ್ಕ ಹಾಕಿ ಮುಗಿಸಿದ್ದಳು. ಗಿಡದ ಹುಳ ಪ್ಯಾಂಟಿಗೆ, ಪ್ಯಾಂಟಿನಿಂದ ನರ್ಸರಿಗೆ, ಅಲ್ಲಿಂದ ಗಾಜಿನ ಮನೆಗೆ. ಪೈಪಣ್ಣ ಮನೆಯಲ್ಲಿ ಕೂತಿರುವುದು ಈ ಮುರುಕು ಸ್ಟೂಲಿನಿಂದ. ಅತ್ತೆಗೆ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಅವಳು ಬಿಡಲಿಲ್ಲ.

"ನಿಮ್ಮ ಒಂದು ಚಪಲಕ್ಕೆ ಅಲ್ಲಿ ಪೈಪಣ್ಣನ ಅನ್ನ ಹೋಯ್ತು. ಇಡೀ ಗಾಜಿನ ಮನೆ ಗಿಡ ಸುಡ್ತಾರೆ. ಅಷ್ಟು ಸಲ ಹೇಳಿದ್ನಲ್ಲ ನಾನು? ಈ ಮನೇಲಿ ನನ್ನ ಮಾತಿಗೆ ಬೆಲೆ ಇದ್ರೆ ತಾನೇ. ಕಳ್ಳರ ಹಾಗೆ ಬಚ್ಚಿಟ್ಕೊಂಡು ಸಾಕಿದೀರಲ್ಲ, ವಯಸ್ಸಾದ್ಮೇಲಾದ್ರೂ ಬುದ್ಧಿ ಬೇಡ್ವಾ?"

ಇಂಥ ಮಾತನ್ನು ಅತ್ತೆ ಈ ಸೊಸೆಯ ಬಾಯಿಂದ ಹಿಂದೆಂದೂ ಕೇಳಿರಲಿಲ್ಲ. ನಿಧಾನವಾಗಿ ಮೇಜಿನ ಹತ್ತಿರ ಬಂದು ಗಿಡದ ಕುಂಡವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಬೈಬೇಕು ನೀನು, ಬೈ. ಕಟ್ಟಳೆ ಮುರಿದಿದ್ದು ನಾನೇ. ಆದ್ರೆ ಅದರ ಬುಡ ನೋಡಿದ್ಯಾ?"

ನೋಡಿರಲಿಲ್ಲ. ಎಲೆ ಮಗುಚಿದ ಮೇಲೆ ಸಿಟ್ಟಿನಲ್ಲಿ ಬೇರೇನೂ ನೋಡಿರಲಿಲ್ಲ. ಬುಡದಲ್ಲಿ ದಪ್ಪ ಬಿಳಿ ಹತ್ತಿ ದಾರ, ಬಟ್ಟೆ ಹರಿದರೂ ಬಿಚ್ಚದ ಗಂಟು.

"ಮಾರ್ಕೆಟ್ ಅಂಗಡೀಲಿ ಕಂಡೆ" ಎಂದರು ಅತ್ತೆ. "ನನ್ನ ದಾರ. ನಾನು ಕಲಿಸಿದ ಗಂಟು. ಕಣ್ಣು ಮಂಜಾದ್ರೂ ಬೆರಳಿಗೆ ಗೊತ್ತಾಗತ್ತಲ್ಲ. ಅಂಗಡಿಯವನಿಗೆ ಹೇಳ್ದೆ, ಇದು ನನ್ನ ಸೊಸೆ ಕೈ ಅಂತ. ನೀನು ನೋಡಿದ ಗಿಡ ಅಲ್ವಾ, ಇದರಲ್ಲಿ ಹುಳ ಇರಲ್ಲ, ಇಟ್ಕೊಂಡ್ರೆ ಏನೂ ಆಗಲ್ಲ ಅಂದ್ಕೊಂಡೆ. ಆ ಬಿಳೀದನ್ನ ದಾರದ ನಾರು ಅಂದ್ಕೊಂಡೆ."

ಮಗುಚಕ್ಕ ಕುರ್ಚಿ ಎಳೆದುಕೊಂಡು ಕೂತಳು. ಹೊಲಿಗೆ ಬಿಚ್ಚುವ ಕೊಕ್ಕೆ ಬೇಕು ಎಂದು ಅವಳು ಕೇಳುವ ಮೊದಲೇ ಅತ್ತೆ ಹಳೆಯ ಡಬ್ಬಿಯಿಂದ ತಂದು, "ನನ್ನ ಗಂಟು, ನಾನೇ ಬಿಚ್ತೀನಿ" ಎಂದು ಹೊಸ ಕನ್ನಡಕ ಏರಿಸಿದರು. ಒಂದೊಂದೇ ಸುತ್ತು ಬಿಚ್ಚಿತು. ಒಳಗೆ ಹುಳಗಳು ಒತ್ತೊತ್ತಾಗಿ ಕೂತಿದ್ದವು. ಕೊನೆಯ ಸುತ್ತಿನ ಕೆಳಗೆ, ತೊಗಟೆಗೆ ಅಂಟಿಕೊಂಡು, ಮೊಟ್ಟೆಗಳ ಹತ್ತಿಯಂಥ ಗೂಡು ಒಂದು ಚಪ್ಪಟೆಯಾಗಿ ಒಣಗಿತ್ತು. ದಾರದ ಎಳೆಗಳ ಅಚ್ಚು ಅದರ ಮೇಲೆ ಮೂಡಿತ್ತು.

ಅದರ ಅರ್ಥ ಮಗುಚಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ದಾರ ಬಿಗಿಯುವಾಗಲೇ ಗೂಡು ಅಲ್ಲಿತ್ತು. ಎಲೆ ಎಲೆ ಮಗುಚಿ ನೋಡಿ, ಬುಡದ ಬಿಳಿಯನ್ನು ತನ್ನದೇ ದಾರದ ನಾರು ಅಂದುಕೊಂಡು ಅದರ ಮೇಲೆಯೇ ಗಂಟು ಹಾಕಿದ್ದಳು. ಹುಳಕ್ಕೆ ಬೆಚ್ಚಗೆ ಹೊದಿಕೆ ಹೊದಿಸಿ, ಶುದ್ಧ ಎಂದು ಮುದ್ರೆ ಒತ್ತಿ, ದೊಡ್ಡ ಮನೆಗೆ ಕಳಿಸಿದ್ದಳು. ಗಂಟು ಕಂಡ ಮೇಲೆ ಬೇರೆ ಯಾರೂ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ. ಜಗತ್ತಿನಲ್ಲಿ ಎಲ್ಲವನ್ನೂ ಮಗುಚಿ ನೋಡಿದವಳು ತನ್ನ ಗಂಟನ್ನು ಮಾತ್ರ ಬಿಚ್ಚಿ ನೋಡಿರಲಿಲ್ಲ.

"ಅತ್ತೆ, ನಾನು ಅಂದಿದ್ದು..." ಎಂದಳು.

"ಅದಿರ್ಲಿ. ಆ ಪೈಪಿನವರ ಗತಿ ಏನು?"

ಅದೇ ಪ್ರಶ್ನೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ತನ್ನ ಗಂಟೂ ಹೋಯಿತು, ಮನೆಯಲ್ಲಿ ಗಿಡ ಇದ್ದದ್ದೂ ಬಯಲಾಯಿತು. ಬೀಗರ ಕೋಣೆಗೆ ಮತ್ತೆ ಯಾರು ಸೇರಿಸುತ್ತಾರೆ? ಆ ಕೋಣೆ ಬಿಟ್ಟರೆ ತಾನು ಯಾರು ಎಂಬುದೇ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಅವಳಿಗೆ ಭಯವಾಯಿತು, ಅತ್ತೆಯ ಎದುರು ಅತ್ತುಬಿಟ್ಟಳು. ಅತ್ತೆ ಎದ್ದು ಗಿಡಕ್ಕೆ ದೊಡ್ಡ ಪ್ಲಾಸ್ಟಿಕ್ ಚೀಲ ಹುಡುಕಲು ಹೋದರು.

ಮರುದಿನ ಮಗುಚಕ್ಕ ಗಿಡದ ಪಕ್ಕ ಒಣಗಿದ ತನ್ನ ಬಟ್ಟೆಯನ್ನು ಬಿಟ್ಟು, ಗಂಡನ ಹಳೆಯ ಅಂಗಿ ಪ್ಯಾಂಟು ತೊಟ್ಟು, ಬಿಗಿಯಾಗಿ ಕಟ್ಟಿದ ಚೀಲ ಹಿಡಿದು ನರ್ಸರಿಯ ಗೇಟಿನಲ್ಲೇ ನಿಂತಳು. ಒಳಗೆ ಬರುವುದಿಲ್ಲ, ನೀವೇ ಹೊರಗೆ ಬನ್ನಿ ಎಂದು ಯಜಮಾನಿಗೆ ಹೇಳಿಕಳಿಸಿದಳು. ಪರೀಕ್ಷಕಿಯನ್ನೂ ಕರೆಸಿದರು. ಏನನ್ನೂ ಮುಚ್ಚಿಡದೆ ಹೇಳಿದಳು. ಯಜಮಾನಿಯ ಮುಖ ಗಟ್ಟಿಯಾಯಿತು. ಪರೀಕ್ಷಕಿ ಮಾತ್ರ ಗಂಟಿನ ತುಂಡನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, "ಇದು ಎಷ್ಟು ಗಿಡಕ್ಕಿದೆ?" ಎಂದು ಕೇಳಿದರು.

"ತರಿಸಿದ ಎಲ್ಲಾ ಗಿಡಕ್ಕೂ ಇದೆ ಮೇಡಂ. ತಾಯಿಗಿಡಕ್ಕಿಲ್ಲ. ಅವು ಇಲ್ಲೇ ಹುಟ್ಟಿದ್ದು."

ಅವತ್ತು ಇಡೀ ದಿನ ಕತ್ತರಿ ಹಿಡಿದು ಗಂಟು ಬಿಚ್ಚಿದರು. ಅತ್ತೆಯ ಗಿಡದ ಜೊತೆ ಅದೇ ಹಡಗಿನಲ್ಲಿ ಬಂದ ಕ್ರೋಟನ್‌ಗಳಲ್ಲಿ ಮಾತ್ರ ಹುಳ ಸಿಕ್ಕಿತು. ಅವುಗಳನ್ನೂ, ಬಾಗಿಲ ಹತ್ತಿರ ಅವುಗಳಿಗೆ ತಾಗಿಕೊಂಡಿದ್ದ ಬಿಗೋನಿಯಾಗಳನ್ನೂ ಸುಟ್ಟರು. ಅಂಗಡಿಗಳಿಗೆ ಸುದ್ದಿ ಹೋಗಿ, ಬಿಳಿ ದಾರದ ಕ್ರೋಟನ್ ಕೊಂಡವರು ವಾಪಸು ತಂದು ಕೊಟ್ಟರು. ಒಳಗಿನ ತಾಯಿಗಿಡಗಳನ್ನು ತೊಳೆದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಹುಳ ಬರಲಿಲ್ಲ. ಗಾಜಿನ ಮನೆ ಉಳಿಯಿತು.

ಪೈಪಣ್ಣ ವಾಪಸು ಬಂದು ಮೊಳೆಯಿಂದ ಪೈಪು ಇಳಿಸಿಕೊಂಡ. ಮಗುಚಕ್ಕ ಅವನ ಮುಂದೆ ಹೋಗಿ ನಿಂತಳು.

"ತಪ್ಪಾಯ್ತು ಅಣ್ಣ. ಕೊಡೆ ವಿಷಯ ನಾನು ಹೇಳ್ದೇ ಇದ್ದಿದ್ರೆ..."

"ಕೊಡೆ ತರೋಕೆ ನಾನು ಹೋಗಿದ್ದು ನಿಜ ತಾನೇ? ನೀನು ಹೇಳಿದ್ದೂ ನಿಜ. ಅದರಲ್ಲಿ ತಪ್ಪೇನು" ಎಂದ ಅವನು. ನಲ್ಲಿ ತಿರುಗಿಸಿ, ನೀರು ಬರುವವರೆಗೂ ಕಾದು, "ಇನ್ನೊಂದು ವಿಷಯ ಹೇಳ್ಬೇಕಾದ ದಿನ ಅದನ್ನೂ ಹೇಳಿದ್ಯಲ್ಲ" ಎಂದು ಸೇರಿಸಿದ.

ಯಜಮಾನಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಬೀಗರ ಕೋಣೆಗೂ ಸೇರಿಸಲಿಲ್ಲ. ಹೊರಗಿನ ಶೆಡ್ಡಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ ಕೊಟ್ಟರು. ಗುರುತಿಗೆ ಈಗ ಕುಂಡದ ಅಂಚಿಗೆ ಪ್ಲಾಸ್ಟಿಕ್ ಬಿಲ್ಲೆ. ಗಿಡಕ್ಕೆ ಏನನ್ನೂ ಕಟ್ಟುವಂತಿಲ್ಲ. ಶೆಡ್ಡಿನಿಂದ ನೋಡಿದರೆ ಬೀಗರ ಕೋಣೆಯ ಎರಡು ಬಾಗಿಲು ಕಾಣುತ್ತವೆ. ಯಾರಾದರೂ ಬೂಟು ಅದ್ದದೆ ಹೋದರೆ ಅಲ್ಲಿಂದಲೇ ಕೂಗುತ್ತಾಳೆ. ಅವರು ಬಂದು ಅದ್ದಿ ಹೋಗುತ್ತಾರೆ.

ಶೆಡ್ಡಿನವರು ಗಾಜಿನ ಮನೆಯೊಳಗೆ ಹೋಗುವುದಿಲ್ಲ. ಹಾಗಾಗಿ ಮನೆಯಲ್ಲಿ ಗಿಡ ಇಡಬಾರದೆಂಬ ಕಟ್ಟಳೆಯೂ ಅವರಿಗಿಲ್ಲ. ಇದು ಮಗುಚಕ್ಕನಿಗೆ ಹೊಳೆದದ್ದು ಕೆಲವು ತಿಂಗಳ ಮೇಲೆ, ಪೈಪಣ್ಣ ಬಿಗೋನಿಯಾದ ಒಂದು ಸಸಿಯನ್ನು ಸಣ್ಣ ಕುಂಡದಲ್ಲಿ ತಂದು ಅವಳ ಮುಂದೆ ಇಟ್ಟಾಗ. "ನಿಮ್ಮತ್ತೆಗೆ ಕೊಡು. ಯಜಮಾನಿಯವರನ್ನ ಕೇಳೇ ತಂದಿದೀನಿ" ಎಂದ.

ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಅತ್ತೆ ಕಿಟಕಿಯ ಹತ್ತಿರ ಕೂತಿದ್ದರು. ಕುಂಡ ನೋಡಿ ಅವರ ಮುಖ ಅರಳಿತು, ಎರಡೂ ಕೈ ಚಾಚಿದರು. ಆಮೇಲೆ ಕೈ ಅಲ್ಲೇ ನಿಂತಿತು.

"ನೀನು ನೋಡಿದ್ಯಾ?"

"ನೋಡಿದೀನಿ ಅತ್ತೆ. ಬುಡಾನೂ ನೋಡಿದೀನಿ."

"ಹೂಂ" ಎಂದರು ಅತ್ತೆ. ಕುಂಡವನ್ನು ಮಡಿಲಿಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಮೊದಲ ಎಲೆಯನ್ನು ಮೆಲ್ಲಗೆ ಮಗುಚಿದರು. ನೀನು ನೋಡಿದ ಗಿಡ ಅಲ್ವಾ ಎಂಬ ಆ ಹಳೆಯ ಮಾತು ಇನ್ನು ಈ ಮನೆಯಲ್ಲಿ ಕೇಳಿಸುವುದಿಲ್ಲ ಎಂದು ಮಗುಚಕ್ಕನಿಗೆ ಅರ್ಥವಾಯಿತು. ನೋವಾಯಿತು. ಅತ್ತೆ ಮಾಡುತ್ತಿರುವುದೇ ಸರಿ ಎಂದೂ ಅನ್ನಿಸಿತು. ಬೆಳಕು ಸಾಲದೆಂದು ಅವಳು ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಅತ್ತೆಯ ಪಕ್ಕದಲ್ಲಿ ಕೂತಳು.

"ಇಲ್ಲೊಂದು ಬಿಳೀದಿದೆ ನೋಡು" ಎಂದರು ಅತ್ತೆ.

ಇಬ್ಬರ ತಲೆಯೂ ಒಂದೇ ಎಲೆಯ ಮೇಲೆ ಬಾಗಿತು. ಮಗುಚಕ್ಕ ಉಗುರಿನ ತುದಿಯಿಂದ ಅದನ್ನು ಮುಟ್ಟಿ, ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದಳು.

"ಗೋಡೆ ಸುಣ್ಣ ಅತ್ತೆ. ನೀವೂ ನೋಡಿ."

ಅತ್ತೆ ಅವಳ ಬೆರಳನ್ನು ಹಿಡಿದುಕೊಂಡು ನೋಡಿದರು. ಆಮೇಲೆ ಸೆರಗಿನಿಂದ ಅದನ್ನು ಒರೆಸಿ, ಮುಂದಿನ ಎಲೆಯನ್ನು ಮಗುಚಿದರು.